ಮೂರನೇ ಸಂಪುಟ ಎಲ್ಲಿ ಸಿಗುತ್ತೆ?

ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಶನಿವಾರ ಅಕ್ಕನ ಮಗ ಶಿವಮೊಗ್ಗದ ಹಾಸ್ಟೆಲಿನಿಂದ ತೀರ್ಥಹಳ್ಳಿಗೆ ಬಂದಿದ್ದ. ಬ್ಯಾಗು ಒದ್ದೆ, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಒಣಗಿದ್ದದ್ದು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದ ಪುಸ್ತಕಗಳು ಮಾತ್ರ. ಜಪಾನಿನ ಚಿತ್ರಕಥೆ, ಮಾಂಗಾ. ಜಗಲಿಯ ಮೇಲೆ ಸಾಲಾಗಿ ಜೋಡಿಸಿದ. ಒಂದು, ಎರಡು, ನಾಲ್ಕು, ಐದು.

"ಮೂರು ಎಲ್ಲೋ?" ಅಂದೆ.

"ಎಲ್ಲೂ ಇಲ್ಲ ಮಾವ. ಒಂದು ತಿಂಗಳಿಂದ ಹುಡುಕ್ತಾ ಇದೀನಿ."

"ಮತ್ತೆ ನಾಲ್ಕನೇದು ಹೆಂಗೆ ಓದಿದೆ ಮಾರಾಯ?"

"ಮೂರನೇದು ಫೋನಲ್ಲೇ ಓದಿ ಮುಗಿಸ್ದೆ. ಪುಸ್ತಕ ಇಟ್ಕೊಳ್ಳೋಕೆ ಬೇಕಿತ್ತು."

ಮೊದಲು ನನಗೆ ಇದು ಹುಡುಗಾಟ ಅನ್ನಿಸಿತು. ಆಮೇಲೆ ಯೋಚಿಸುತ್ತಾ ಹೋದರೆ, ಒಂದೇ ಹೆಸರಿನಲ್ಲಿ ಊರೂರಲ್ಲಿ ಮಳಿಗೆ ಇಟ್ಟ ಪುಸ್ತಕದ ದೊಡ್ಡ ದೊಡ್ಡ ಸರಣಿ ಅಂಗಡಿಗಳು ಎದ್ದದ್ದು, ಬಿದ್ದದ್ದು, ಅವುಗಳ ಜಾಗಕ್ಕೆ ಆನ್‌ಲೈನ್ ಕಂಪನಿಗಳ ಗೋದಾಮು ಬಂದದ್ದು ಎಲ್ಲವೂ ಆ ಕಾಣೆಯಾದ ಮೂರನೇ ಸಂಪುಟದಲ್ಲೇ ಇದೆ.

ಮಾಂಗಾ ಗೊತ್ತಿಲ್ಲದವರಿಗೆ ಎರಡು ಮಾತು. ಕಥೆ ಮೊದಲು ಜಪಾನಿನ ವಾರಪತ್ರಿಕೆಗಳಲ್ಲೋ ಮಾಸಿಕಗಳಲ್ಲೋ ಧಾರಾವಾಹಿಯಾಗಿ ಬರುತ್ತದೆ. ನಮ್ಮ ವಾರಪತ್ರಿಕೆಗಳಲ್ಲಿ ಕಾದಂಬರಿ ಬರುತ್ತಿತ್ತಲ್ಲ, ಹಾಗೆ. ಹತ್ತು ಅಧ್ಯಾಯ ಆಸುಪಾಸು ಆದಮೇಲೆ ಅವನ್ನು ಒಟ್ಟು ಮಾಡಿ ಸುಮಾರು ಇನ್ನೂರು ಪುಟದ ಒಂದು ಸಂಪುಟ ತರುತ್ತಾರೆ. ಓದುವುದು ಬಲದಿಂದ ಎಡಕ್ಕೆ. ನಮ್ಮ ಅಮ್ಮ ಅವನು ಓದುವುದನ್ನು ನೋಡಿ "ಕೊನೆಯಿಂದ ಯಾಕೆ ಓದ್ತಿ, ಪರೀಕ್ಷೆಗೂ ಹಿಂಗೇ ಓದ್ತಿಯೇನೋ" ಎಂದಿದ್ದರು. ಇನ್ನು ಉದ್ದ. ಡೆತ್ ನೋಟ್ ಮುಗಿದದ್ದು 12 ಸಂಪುಟಕ್ಕೆ, ಡೀಮನ್ ಸ್ಲೇಯರ್ 23ಕ್ಕೆ, ನರುಟೊ 72ಕ್ಕೆ. ಒನ್ ಪೀಸ್ ನೂರು ದಾಟಿ ಇನ್ನೂ ಬರುತ್ತಲೇ ಇದೆ.

ಅಂಗಡಿಯವನಿಗೆ ತಲೆಬಿಸಿ ಶುರುವಾಗುವುದು ಈ ಉದ್ದದಿಂದಲೇ. ಲೆಕ್ಕಕ್ಕೆ ಒಂದು ಸಂಪುಟದ ಮುಖಬೆಲೆ 500 ರೂಪಾಯಿ, ಅಂಗಡಿಗೆ ಸಿಗುವ ಕಮಿಷನ್ 35 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ. ಒಂದೊಂದಕ್ಕೆ 325 ರೂಪಾಯಿ ಬಂಡವಾಳ. 72 ಸಂಪುಟದ ಒಂದೇ ಒಂದು ಸೆಟ್ ಇಟ್ಟರೂ 23,400 ರೂಪಾಯಿ ಕಪಾಟಿನಲ್ಲಿ ಕೂತಿತು. ಮೇಲಿಂದ ನಾಲ್ಕಡಿಗೂ ಮಿಕ್ಕಿ ಜಾಗ. ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಬಾಡಿಗೆ ಕಟ್ಟುವವನಿಗೆ ಆ ನಾಲ್ಕಡಿಯಲ್ಲಿ ಸಿಇಟಿ ಗೈಡುಗಳನ್ನಿಟ್ಟರೆ ಜೂನ್ ಮುಗಿಯುವುದರೊಳಗೆ ಖಾಲಿ.

ಮಾರಾಟದ ರೀತಿಯೂ ವಿಚಿತ್ರ. ಒಂದನೇ ಸಂಪುಟವನ್ನು ಕುತೂಹಲಕ್ಕೆ ಹತ್ತು ಜನ ತಗೊಳ್ಳುತ್ತಾರೆ. ಎರಡನೆಯದಕ್ಕೆ ಬರುವವರು ಕಮ್ಮಿ, ಮೂರಕ್ಕೆ ಇನ್ನೂ ಕಮ್ಮಿ. ಹಾಗಂತ ಮೂರನೆಯದನ್ನು ತರಿಸದೆ ಬಿಟ್ಟರೆ ನಾಲ್ಕರಿಂದ ಎಪ್ಪತ್ತೆರಡರವರೆಗೆ ಯಾವುದೂ ಆ ಅಂಗಡಿಯಲ್ಲಿ ಹೋಗುವುದಿಲ್ಲ. ನಿಧಾನಕ್ಕೆ ಹೋಗುವ ಮಾಲನ್ನೇ ಯಾವಾಗಲೂ ಇಟ್ಟಿರಬೇಕು. ಅಡಿಕೆ ಮಂಡಿಯವರನ್ನು ಕೇಳಿ ನೋಡಿ, ಇಂಥ ವ್ಯಾಪಾರಕ್ಕೆ ಕೈಹಾಕಬೇಡ ಎಂದೇ ಹೇಳುತ್ತಾರೆ.

ಹಾಗಾದರೆ ಅಮೆರಿಕದಲ್ಲಿ ಇದು ನಡೆದದ್ದು ಹೇಗೆ? ಅಲ್ಲಿ ಕಾಮಿಕ್ಸ್‌ಗೆಂದೇ ಬೇರೆ ಅಂಗಡಿಗಳಿದ್ದವು. ಆದರೆ ಅವುಗಳ ಕಟ್ಟಳೆ ಕಠಿಣ. ತರಿಸಿದ್ದನ್ನು ವಾಪಸ್ ಕಳಿಸುವ ಹಾಗಿಲ್ಲ, ಉಳಿದರೆ ಅಂಗಡಿಯವನ ತಲೆಗೆ. ಆದ್ದರಿಂದ ಅವರು ಸೂಪರ್ ಹೀರೋ ಬಿಟ್ಟು ಬೇರೆಯದನ್ನು ತರಿಸಲು ಹಿಂಜರಿಯುತ್ತಿದ್ದರು. ಸಾಮಾನ್ಯ ಪುಸ್ತಕದಂಗಡಿಗಳ ಪದ್ಧತಿ ಬೇರೆ. ಮಾರದೆ ಉಳಿದದ್ದನ್ನು ಪ್ರಕಾಶಕರಿಗೆ ಹಿಂದಿರುಗಿಸಿ ದುಡ್ಡು ಹೊಂದಿಸಿಕೊಳ್ಳಬಹುದು. ಬಾರ್ಡರ್ಸ್, ಅದರದ್ದೇ ಆದ ವಾಲ್ಡನ್‌ಬುಕ್ಸ್, ಬಾರ್ನ್ಸ್ ಅಂಡ್ ನೋಬಲ್ ಇವೆಲ್ಲ ಹಾಗೆ ನಡೆಯುತ್ತಿದ್ದ ಸರಣಿಗಳು. 2002ರಲ್ಲಿ ಟೋಕಿಯೋಪಾಪ್ ಎಂಬ ಪ್ರಕಾಶನ ಸಂಸ್ಥೆ ಪುಟಗಳನ್ನು ಎಡದಿಂದ ಓದುವಂತೆ ತಿರುಗಿಸದೆ ಜಪಾನಿನಲ್ಲಿದ್ದ ಹಾಗೇ, ಎಲ್ಲವನ್ನೂ ಒಂದೇ ಅಳತೆಯಲ್ಲಿ, 9.99 ಡಾಲರ್‌ಗೆ ಮಾರಲು ಶುರುಮಾಡಿತು. ಒಂದೇ ಎತ್ತರದ ಪುಸ್ತಕವಾದ್ದರಿಂದ ಜೋಡಿಸುವುದು ಸುಲಭ, ಉಳಿದರೆ ವಾಪಸ್ ಕಳಿಸಬಹುದು. ಸರಣಿ ಅಂಗಡಿಗಳು ಮಾಂಗಾಕ್ಕೆ ಸಾಲು ಸಾಲು ಕಪಾಟು ಬಿಟ್ಟುಕೊಟ್ಟವು.

ಮಾಲ್‌ಗಳಿಗೆ ಅಪ್ಪ ಅಮ್ಮನ ಜೊತೆ ಬಂದ ಮಕ್ಕಳು, ಅದರಲ್ಲೂ ಕಾಮಿಕ್ಸ್ ಅಂಗಡಿಗೆ ಕಾಲೇ ಇಡದಿದ್ದ ಹುಡುಗಿಯರು, ಆ ಕಪಾಟುಗಳ ನಡುವೆ ನೆಲದ ಮೇಲೆ ಕೂತು ಓದುತ್ತಿದ್ದರು. ಮೂರು ಓದಿ ಒಂದು ಕೊಳ್ಳುತ್ತಿದ್ದರು. ಸರಣಿ ಅಂಗಡಿ ಪುಸ್ತಕ ಮಾರುವುದರ ಜೊತೆಗೆ ಕೂರಲು ಜಾಗ, ರುಚಿ ನೋಡಲು ಅವಕಾಶ ಕೊಡುತ್ತಿತ್ತು. ಆ ಜಾಗದ ಬಾಡಿಗೆಯನ್ನೂ ಮೂರನೇ ಸಂಪುಟದ ಬಂಡವಾಳವನ್ನೂ ಅದೇ ಹೊರುತ್ತಿತ್ತು.

ಬಾರ್ಡರ್ಸ್ ಬಿದ್ದದ್ದಕ್ಕೆ ಮಾಂಗಾ ಕಾರಣವಲ್ಲ. ಸಾಲ, ತೀರಾ ದೊಡ್ಡ ಮಳಿಗೆಗಳು, ಯಾರೂ ಕೊಳ್ಳದಂತಾದ ಸಿಡಿಗಳು ಒಂದು ಕಡೆ. ಇನ್ನೊಂದು ಕಡೆ, 2001ರಲ್ಲಿ ಆ ಕಂಪನಿ ತನ್ನ ಆನ್‌ಲೈನ್ ಮಾರಾಟವನ್ನು ಅಮೆಜಾನ್ ಕೈಗೇ ಒಪ್ಪಿಸಿತ್ತು. ತೋಟ ಕಾಯಲು ಮಂಗನನ್ನು ನೇಮಿಸಿದ ಹಾಗೆ. 2008ರಲ್ಲಿ ತನ್ನದೇ ಜಾಲತಾಣ ಮಾಡಿಕೊಳ್ಳುವಷ್ಟರಲ್ಲಿ ಗಿರಾಕಿಗಳು ಅತ್ತ ಒಗ್ಗಿಹೋಗಿದ್ದರು. 2011ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ ಬಾರ್ಡರ್ಸ್‌ಗೆ 642 ಮಳಿಗೆ. ಅದೇ ಸೆಪ್ಟೆಂಬರಿಗೆ ಒಂದೂ ಇಲ್ಲ. ಮೇ ತಿಂಗಳಲ್ಲೇ ಟೋಕಿಯೋಪಾಪ್ ಅಮೆರಿಕದ ಪ್ರಕಟಣೆ ನಿಲ್ಲಿಸಿತು. ಬಾರ್ಡರ್ಸ್ ಮುಳುಗಿದ್ದೂ ಅದಕ್ಕೊಂದು ಕಾರಣ. ಟೋಕಿಯೋಪಾಪ್ ತರುತ್ತಿದ್ದ ಎಷ್ಟೋ ಕಥೆಗಳು ನಡುವಿನಲ್ಲೇ ನಿಂತವು. ನನ್ನ ಅಳಿಯನಿಗೆ ಮೂರು ಸಿಗದಿದ್ದರೂ ನಾಲ್ಕು ಸಿಕ್ಕಿದೆ. ಆ ಓದುಗರಿಗೆ ಮುಂದಿನ ಸಂಪುಟ ಅಚ್ಚೇ ಆಗಲಿಲ್ಲ.

ಅಲ್ಲಿಗೆ ಕಥೆ ಮುಗಿಯಿತು ಅಂತ ಆಗ ಬಹಳ ಜನ ಬರೆದರು. ಮುಗಿಯಲಿಲ್ಲ. ಉಳಿದ ಬಾರ್ನ್ಸ್ ಅಂಡ್ ನೋಬಲ್ ಕೂಡ ವರ್ಷಾನುಗಟ್ಟಲೆ ಕುಂಟಿತು. 2019ರಲ್ಲಿ ಮಾಲೀಕರು ಬದಲಾದರು. ಹೊಸ ಮುಖ್ಯಸ್ಥ ಜೇಮ್ಸ್ ಡಾಂಟ್, ಯಾವ ಪುಸ್ತಕ ಎಲ್ಲಿಡಬೇಕು ಎಂಬುದನ್ನು ನ್ಯೂಯಾರ್ಕಿನ ಕಚೇರಿಯಿಂದ ತೆಗೆದು ಆಯಾ ಊರಿನ ಮಳಿಗೆಯವರಿಗೇ ಬಿಟ್ಟರು. ಅಷ್ಟರಲ್ಲಿ ಕೋವಿಡ್ ಬಂತು. ಮನೆಯಲ್ಲಿ ಕೂತವರು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರ, ನೋಡಿದರು, ನೋಡಿದವರು ಪುಸ್ತಕ ಹುಡುಕಿದರು, 2021ರಲ್ಲಿ ಮಾಂಗಾ ಮುದ್ರಿಸಲು ಕಾಗದವೂ ಯಂತ್ರವೂ ಸಾಲದಾಯಿತು. ಬಾರ್ನ್ಸ್ ಅಂಡ್ ನೋಬಲ್ ಈಗ ವರ್ಷಕ್ಕೆ ಹತ್ತಾರು ಹೊಸ ಮಳಿಗೆ ತೆರೆಯುತ್ತಿದೆ. ಸರಣಿ ಅಂಗಡಿಗಳ ಕಾಲ ಮುಗಿಯಿತು ಎನ್ನುವ ಮಾತನ್ನು ಆದ್ದರಿಂದ ನಾನು ಪೂರ್ತಿ ನಂಬುವುದಿಲ್ಲ. ಎಲ್ಲ ಊರಿಗೂ ಒಂದೇ ಪಟ್ಟಿ ಕಳಿಸುವ ಸರಣಿಯ ಕಾಲ ಮುಗಿದಿರಬಹುದು.

ಜಪಾನಿನಲ್ಲೇ ಏನಾಗಿದೆ ಎಂದರೆ, ಇಪ್ಪತ್ತು ವರ್ಷದಲ್ಲಿ ಪುಸ್ತಕದಂಗಡಿಗಳು ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿದಿವೆ. ವಾರಪತ್ರಿಕೆ ಶೋನೆನ್ ಜಂಪ್ 1990ರ ದಶಕದ ನಡುವಿನಲ್ಲಿ 65 ಲಕ್ಷ ಪ್ರತಿ ಹೋಗುತ್ತಿತ್ತು. ಅದನ್ನು ಕೊಳ್ಳಲು ಬಂದವರು ಇನ್ನೊಂದು ಪುಸ್ತಕ ಹಿಡಿದುಕೊಂಡು ಹೋಗುತ್ತಿದ್ದರು. ಈಗ ಆ ವಾರದ ಗಿರಾಕಿ ಫೋನಿನಲ್ಲಿದ್ದಾನೆ. ಅಂಗಡಿಯಲ್ಲಿ ನಿಂತೇ ಓದಿ ಮುಗಿಸುವುದಕ್ಕೆ ಅವರಲ್ಲಿ ತಾಚಿಯೋಮಿ ಎಂಬ ಪದವೇ ಇದೆ. ಅದನ್ನು ತಡೆಯಲು ಮಾಂಗಾ ಸಂಪುಟಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಇಡುತ್ತಾರೆ. ಈ ಚಟ ನಮಗೇನೂ ಹೊಸದಲ್ಲ. ಬಸ್‌ಸ್ಟ್ಯಾಂಡಿನ ಪತ್ರಿಕೆ ಅಂಗಡಿಯಲ್ಲಿ ಬಾಲಮಂಗಳ ತೆಗೆದು ಅರ್ಧ ಓದುವಷ್ಟರಲ್ಲಿ "ಓದಕ್ಕೋ, ತಗಳಕ್ಕೋ?" ಎಂದು ಅಂಗಡಿಯಜ್ಜ ಕೇಳುತ್ತಿದ್ದರು. ಅದಕ್ಕೊಂದು ಪದ ಮಾಡಿಕೊಳ್ಳಬೇಕೆಂದು ನಮಗೆ ಹೊಳೆಯಲಿಲ್ಲ ಅಷ್ಟೆ.

ನಮ್ಮ ದೇಶದ ಸರಣಿಗಳದ್ದು ಗಿಡ್ಡ ಚರಿತ್ರೆ. ಚೆನ್ನೈನಲ್ಲಿ 1987ರಲ್ಲಿ ಲ್ಯಾಂಡ್‌ಮಾರ್ಕ್, ಮುಂಬೈಯಲ್ಲಿ 1992ರಲ್ಲಿ ಕ್ರಾಸ್‌ವರ್ಡ್. ಲ್ಯಾಂಡ್‌ಮಾರ್ಕನ್ನು ಟಾಟಾದವರ ಟ್ರೆಂಟ್ ಕೊಂಡಿತು, ಮುಂದಿನ ದಶಕದಲ್ಲಿ ಒಂದೊಂದೇ ಮಳಿಗೆ ಬಾಗಿಲು ಹಾಕಿತು. ಕ್ರಾಸ್‌ವರ್ಡ್ 2021ರಲ್ಲಿ ಶಾಪರ್ಸ್ ಸ್ಟಾಪ್‌ನಿಂದ ಬೇರೆಯವರ ಕೈಗೆ ಹೋಗಿ ಉಳಿದುಕೊಂಡಿದೆ. ಪೆಟ್ಟು ಕೊಟ್ಟದ್ದು ಯಾರೆಂದು ಹೇಳಬೇಕಿಲ್ಲ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದೇ ಪುಸ್ತಕ ಮಾರುವ ಜಾಲತಾಣವಾಗಿ. 2013ರಲ್ಲಿ ಅಮೆಜಾನ್ ಬಂತು. ಅಂಗಡಿಗೆ ಸಿಗುವ ಕಮಿಷನ್‌ನಷ್ಟನ್ನು ಗಿರಾಕಿಗೇ ರಿಯಾಯಿತಿ ಕೊಡುವವರ ಎದುರು ಮಾಲ್ ಬಾಡಿಗೆ ಕಟ್ಟುವವರು ಎಷ್ಟು ದಿನ ನಿಂತಾರು? ಜಪಾನಿನಲ್ಲಿ ಹೊಸ ಪುಸ್ತಕವನ್ನು ಪ್ರಕಾಶಕರು ಹೇಳಿದ ಬೆಲೆಗೇ ಮಾರಬೇಕು, ಅಂಗಡಿಯವನು ಇಳಿಸುವಂತಿಲ್ಲ. ನಮ್ಮಲ್ಲಿ ಅಂಥ ಕಟ್ಟು ಇಲ್ಲ. ಸರಣಿ ಅಂಗಡಿಗಳು ಒಳಗೊಳಗೇ ಬದಲಾದವು: ಮುಂದಿನ ಸಾಲಿಗೆ ಆಟಿಕೆ, ಪೆನ್ನು, ಚೀಲ, ಮಗ್ಗು, ಪುಸ್ತಕ ಹಿಂದಿನ ಗೋಡೆಗೆ.

ಇದೆಲ್ಲ ಮಲೆನಾಡಿನವರಿಗೆ ಪೇಪರಿನಲ್ಲಿ ಓದಿದ ಸುದ್ದಿ. ಮಾಲ್‌ನ ನೆಲದಲ್ಲಿ ಕೂತು ಮೂರು ಸಂಪುಟ ಓದುವ ಭಾಗ್ಯ ನಮಗೆ ಬಂದೂ ಇರಲಿಲ್ಲ, ಹೋಗಿಯೂ ಇಲ್ಲ. ನಮಗಿದ್ದದ್ದು ಪತ್ರಿಕೆ ಅಂಗಡಿ, ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ, ಆಮೇಲೆ ಅಂಚೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ಕೆ.ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನ ನಡೆಸಿದರು. ಅಲ್ಲಿಂದ ಪುಸ್ತಕ ಕಟ್ಟುಕಟ್ಟಾಗಿ ನಾಡಿಗೆಲ್ಲ ಹೋಯಿತು. ಚಿತ್ರಕಥೆಯ ವಿಷಯಕ್ಕೂ ಕನ್ನಡ ಹಿಂದೆ ಬಿದ್ದಿರಲಿಲ್ಲ. ಅಮರ ಚಿತ್ರ ಕಥೆಯ ಕೃಷ್ಣನ ಪುಸ್ತಕಕ್ಕೆ 11ನೇ ಸಂಖ್ಯೆ ಯಾಕೆ ಗೊತ್ತೇ? ಮೊದಲ ಹತ್ತು, ಪಾಶ್ಚಾತ್ಯ ಕಥೆಗಳ ಕನ್ನಡ ಅನುವಾದ. 1965ರಲ್ಲಿ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ತಂದವು. ಅಂಥ ನಾಡಿನ ಹುಡುಗ ಈಗ ಜಪಾನಿನ ಕಥೆಯನ್ನು ಇಂಗ್ಲಿಷಿನಲ್ಲಿ ಓದುತ್ತಾನೆ. ಕನ್ನಡದಲ್ಲಿ ಕೊಡಿ ಎಂದು ಅವನು ಕೇಳಿಯೂ ಇಲ್ಲ. ಆ ಜಗಳ ಇನ್ನೊಂದು ದಿನಕ್ಕೆ.

ಹಾಗಾದರೆ ಇವರೆಲ್ಲ ಕೊಳ್ಳುವುದು ಎಲ್ಲಿ? ಅಳಿಯನನ್ನೇ ಕೂರಿಸಿ ಕೇಳಿದೆ. ಹೆಚ್ಚಿನದು ಆನ್‌ಲೈನ್. ಅಲ್ಲೊಂದು ಗುಟ್ಟಿದೆ. ಜಾಲತಾಣದಲ್ಲಿ ಕಾಣುವ ಪುಸ್ತಕ ಯಾವಾಗಲೂ ಆ ಕಂಪನಿಯದ್ದಲ್ಲ. ದೆಹಲಿಯದ್ದೋ ಚೆನ್ನೈಯದ್ದೋ ಯಾವುದೋ ಮಾರಾಟಗಾರನದ್ದು. ವಿಜ್ ಮೀಡಿಯಾ ಎಂಬ ಅಮೆರಿಕದ ಸಂಸ್ಥೆಯ ಮಾಂಗಾ ಇಲ್ಲಿಗೆ ಬರುವುದು ಸೈಮನ್ ಅಂಡ್ ಶುಸ್ಟರ್ ಮೂಲಕ. ಉಳಿದ ಪ್ರಕಾಶಕರದ್ದು ಬೇರೆ ಬೇರೆ ವಿತರಕರ ದಾರಿ. ಹೊರದೇಶದಲ್ಲಿ ಅಚ್ಚಾದ ಪುಸ್ತಕ ಹಡಗಿನಲ್ಲಿ ಬರಬೇಕು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದಿದ್ದರೂ ಆಮದಿಗೆ 2019ರಿಂದ 5 ಪರ್ಸೆಂಟ್ ಸುಂಕವಿದೆ. ಮೂರನೇ ಸಂಪುಟ ಗೋದಾಮಿನಲ್ಲಿ ಮುಗಿದರೆ ಮುಂದಿನ ಹಡಗಿನವರೆಗೆ ಮುಗಿದಂತೆಯೇ. ಆ ಹೊತ್ತಿನಲ್ಲೇ ಯಾರೋ ಒಬ್ಬ ಅದಕ್ಕೆ 1,800 ರೂಪಾಯಿ ಬೆಲೆ ಹಾಕಿ ಕೂತಿರುತ್ತಾನೆ. ಹಿಂದೆ ಬುಕ್ ಡಿಪಾಸಿಟರಿ ಎಂಬ ಬ್ರಿಟಿಷ್ ಜಾಲತಾಣ ಅಂಚೆ ಖರ್ಚಿಲ್ಲದೆ ಜಗತ್ತಿಗೆಲ್ಲ ಪುಸ್ತಕ ಕಳಿಸುತ್ತಿತ್ತು. ಅಮೆಜಾನ್ ಅದನ್ನು ಕೊಂಡು, 2023ರ ಏಪ್ರಿಲಿನಲ್ಲಿ ಮುಚ್ಚಿತು. ಹುಡುಗರು ಅದನ್ನು ಈಗಲೂ ಸತ್ತ ಸ್ನೇಹಿತನ ಹಾಗೆ ನೆನೆಯುತ್ತಾರೆ.

ಇನ್ನೊಂದು ಕಾಟ ನಕಲಿಯದು. ಅಳಿಯನಿಗೇ ಒಮ್ಮೆ ಒಂದು ಜಾಲತಾಣದಿಂದ, 180 ರೂಪಾಯಿಗೆ ಎಂದು, ಖೊಟ್ಟಿ ಪುಸ್ತಕ ಬಂದಿತ್ತು. ತೋರಿಸಿದ. ಮಾಂಗಾದಲ್ಲಿ ಬೂದು ಬಣ್ಣ ಎನ್ನುವುದು ನಿಜಕ್ಕೂ ಚಿಕ್ಕ ಚಿಕ್ಕ ಕಪ್ಪು ಚುಕ್ಕಿಗಳ ಜಾಲ. ಒಳ್ಳೆಯ ಅಚ್ಚಿನಲ್ಲಿ ಚುಕ್ಕಿ ಬಿಡಿಬಿಡಿಯಾಗಿ ಕಾಣುತ್ತದೆ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಚುಕ್ಕಿಗಳೆಲ್ಲ ಕೂಡಿಕೊಂಡು ಮಸಿ ಬಳಿದಂತಾಗುತ್ತದೆ, ಇಲ್ಲವೇ ಅಲೆಅಲೆಯಾಗಿ ಕಾಣುತ್ತದೆ. ಮಾತಿನ ಗುಳ್ಳೆಯ ಅಂಚು ಬೈಂಡಿಂಗಿನೊಳಗೆ ಹೋಗಿರುತ್ತದೆ. ಬೆನ್ನಿನ ಮೇಲಿನ ಹೆಸರು ಪಕ್ಕದ ಸಂಪುಟಕ್ಕಿಂತ ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ. ಬಾರ್‌ಕೋಡಿನ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯನ್ನು ಪ್ರಕಾಶಕರ ಪುಟದಲ್ಲಿ ಹಾಕಿ ನೋಡುವುದು ಇನ್ನೂ ಸುಲಭ, ಆದರೆ ನಕಲಿ ಮಾಡುವವರು ಅದನ್ನೂ ಹಾಗೇ ಅಚ್ಚು ಹಾಕುತ್ತಾರೆ. ಕೊನೆಗೆ ನಂಬಬೇಕಾದ್ದು ಬೆಲೆಯನ್ನೇ. ಐನೂರರದ್ದು ನೂರೆಂಬತ್ತಕ್ಕೆ, ಅದೂ ಇಡೀ ಸೆಟ್ ಇದೆ ಎಂದು ಬಂದರೆ ಬಿಡುವುದು ಒಳ್ಳೆಯದು. ಗಮ್ಮೂ ಒಂದು ಮಳೆಗಾಲ ತಡೆಯುವುದಿಲ್ಲ.

ಮಳೆಗಾಲ ಎಂದೆ. ಹುಂಚದಕಟ್ಟೆ ಕಡೆಯೋ ಆಗುಂಬೆ ಕಡೆಯೋ ಒಳಗಿನ ಊರಾದರೆ ಪಾರ್ಸೆಲ್ ಮನೆಗೆ ಬರುವುದಿಲ್ಲ. ಕೊರಿಯರ್ ಹುಡುಗ ಬಸ್‌ಸ್ಟಾಪಿನ ಅಂಗಡಿಯಲ್ಲಿ ಕೊಟ್ಟು ಫೋನ್ ಮಾಡುತ್ತಾನೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಪುಸ್ತಕ ಮೂರು ದಿನ ಅವಲಕ್ಕಿ ಚೀಲದ ಪಕ್ಕದಲ್ಲಿ. ಮಾಂಗಾದ ಕಾಗದ ಒರಟು, ನೀರು ಹೀರುವಂಥದ್ದು. ಜುಲೈನಲ್ಲಿ ಬಂದರೆ ಆಗಸ್ಟಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಹಳ್ಳಿಯ ಹುಡುಗರು ಶಿವಮೊಗ್ಗದ ಹಾಸ್ಟೆಲ್ ವಿಳಾಸಕ್ಕೇ ತರಿಸಿಕೊಳ್ಳುತ್ತಾರೆ. ಅಲ್ಲೇ ಅಸಲಿ ಲೈಬ್ರರಿ ನಡೆಯುವುದು. ಅಳಿಯನ ರೂಮಿನ ಸುತ್ತ ಏಳು ಹುಡುಗರು. ಒಬ್ಬೊಬ್ಬರು ಒಂದೊಂದು ಕಥೆ ಕೊಳ್ಳುವುದು, ಎಲ್ಲರೂ ಎಲ್ಲವನ್ನೂ ಓದುವುದು. ಸಾಲ ಕೊಟ್ಟದ್ದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ. ಅಡಿಕೆ ಕೊಯ್ಲಿನ ಆಳಿನ ಲೆಕ್ಕದ ಹಾಗೆ ಗೀಟು ಎಳೆದಿದ್ದ.

ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಪಟ್ಟಿ ಕೊಡುವುದು ಇನ್ನೊಂದು ದಾರಿ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗಳಲ್ಲಿ ಹೊಸದರ ಜೊತೆ ಹಳೆಯದೂ ಸಿಗುತ್ತದೆ. ಯಾರೋ ಕಾಲೇಜು ಮುಗಿಸಿ ಮಾರಿಹೋದ ಸೆಟ್ಟಿನಲ್ಲಿ ನಡುವಿನ ಸಂಪುಟ ಸಿಕ್ಕಿಬಿಟ್ಟರೆ ಅದೃಷ್ಟ. ಈ ಅಂಗಡಿಗಳು ಸರಣಿಗಳಲ್ಲ. ಮಾಲೀಕರು ತಾವೇ ಆರಿಸಿ ತುಂಬುವಂಥವು. ಆದ್ದರಿಂದಲೇ ಉಳಿದಿವೆ ಎಂದು ನನ್ನ ಅನಿಸಿಕೆ. ಬೆಂಗಳೂರಿನ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಜಾತ್ರೆಗೆ ಹೋಗುವ ಆಸೆ ಅಳಿಯನಿಗಿದೆ. ಟಿಕೆಟ್ಟು, ರಾತ್ರಿ ಬಸ್ಸು, ಊಟ ಸೇರಿಸಿದರೆ ಐದಾರು ಸಂಪುಟದ ದುಡ್ಡು ಎಂದು ತಾನೇ ಲೆಕ್ಕ ಹಾಕಿ ಸುಮ್ಮನಾಗಿದ್ದಾನೆ.

ಶಿವಮೊಗ್ಗದ ಅಂಗಡಿಗಳು? ಅವನು ಹೋಗುವ ಒಂದು ಅಂಗಡಿಗೆ ನಾನೂ ಹೋದೆ. ಮುಂದೆ ಗೈಡು, ಒಳಗೆ ಕನ್ನಡ ಕಾದಂಬರಿ, ಕ್ಯಾಶ್ ಕೌಂಟರಿನ ಪಕ್ಕ ಒಂದೇ ಒಂದು ಸಾಲು ಮಾಂಗಾ. ಎಲ್ಲವೂ ಒಂದನೇ ಸಂಪುಟ. "ಎಂತ ಮಾಡೋದು ಸಾರ್, ಒಂದನೇದು ಇಟ್ಟಿರ್ತೀನಿ, ಹುಡುಗ್ರು ತಗಂಡೋಗಿ ಮುಂದಿಂದು ಆನ್‌ಲೈನಲ್ಲಿ ತರಿಸ್ತಾರೆ" ಎಂದರು ಮಾಲೀಕರು. ಅವರಿಗೆ ಸಿಟ್ಟೇನೂ ಇರಲಿಲ್ಲ. ಮುಂಗಡ ನೂರು ರೂಪಾಯಿ ಕೊಟ್ಟರೆ ವಿತರಕರಿಂದ ತರಿಸಿಕೊಡುತ್ತಾರೆ, ಹದಿನೈದು ದಿನ ಆಗಬಹುದು. ಉಳಿಯುವ ಭಯವಿಲ್ಲದ ವ್ಯಾಪಾರ ಅವರಿಗೆ ಇದೊಂದೇ. ಸರಣಿ ಅಂಗಡಿ ಹೊರುತ್ತಿದ್ದ ಬಂಡವಾಳದ ಭಾರವನ್ನು ಇಲ್ಲಿ ಓದುಗನೇ ನೂರು ರೂಪಾಯಿಯಷ್ಟು ಹೊರುತ್ತಾನೆ, ಜೊತೆಗೆ ಹದಿನೈದು ದಿನ ಕಾಯುತ್ತಾನೆ.

ಸಣ್ಣ ಅಂಗಡಿಯವರು ಅಂಚೆಯಲ್ಲಿ ಕಳಿಸಬಾರದೇ ಎಂದು ಕೇಳಬಹುದು. ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ವ್ಯವಸ್ಥೆ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಪುಸ್ತಕದವರು ಕಂಗಾಲಾಗಿದ್ದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ: 300 ಗ್ರಾಮಿಗೆ 20 ರೂಪಾಯಿ, 5 ಕಿಲೋವರೆಗೆ 100. ಆದರೆ ಅದು ಪಠ್ಯಪುಸ್ತಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆಂದು ಇರುವುದು. ಖಡ್ಗ ಹಿಡಿದು ಹಾರುವ ಹುಡುಗನ ಮುಖಪುಟ ನೋಡಿ ಕೌಂಟರಿನವರು ಅದನ್ನು ಯಾವ ಪಂಗಡಕ್ಕೆ ಹಾಕುತ್ತಾರೋ.

ಫೋನಿನ ವಿಷಯ ಬಾಕಿ ಇದೆ. ಶುಯೇಶ ಎಂಬ ಜಪಾನೀ ಪ್ರಕಾಶನ 2019ರ ಜನವರಿಯಲ್ಲಿ ಮಾಂಗಾ ಪ್ಲಸ್ ಎಂಬ ಆ್ಯಪ್ ತಂದಿತು. ಕಥೆಯ ಮೊದಲ ಮೂರು, ಇತ್ತೀಚಿನ ಮೂರು ಅಧ್ಯಾಯಗಳು ಪುಕ್ಕಟೆ. ವಿಜ್‌ನ ಶೋನೆನ್ ಜಂಪ್ ಆ್ಯಪ್‌ನಲ್ಲಿ ತಿಂಗಳಿಗೆ ಸಣ್ಣ ಚಂದಾ ಕಟ್ಟಿದರೆ ದಿನಕ್ಕೆ ನೂರು ಅಧ್ಯಾಯದವರೆಗೆ ಓದಬಹುದು, ಭಾರತಕ್ಕೂ ಅದು ಸಿಗುತ್ತದೆ. ಜಪಾನಿನಲ್ಲಿ ಸೋಮವಾರ ಹುಟ್ಟುವ ಗಳಿಗೆ ನಮಗೆ ಭಾನುವಾರ ರಾತ್ರಿ ಎಂಟೂವರೆ. ಹಾಸ್ಟೆಲಿನಲ್ಲಿ ಆಗ ಓದುವ ಸಮಯ. ಎಲ್ಲರೂ ಪುಸ್ತಕ ತೆರೆದು ಕೂತಿರುತ್ತಾರಂತೆ, ವಾರ್ಡನ್ ಹಾದುಹೋದ ಮೇಲೆ ಏಳು ಫೋನು ಒಟ್ಟಿಗೆ ಬೆಳಗುತ್ತವಂತೆ. ಕಳ್ಳ ಅನುವಾದದ ತಾಣಗಳೂ ಇವೆ, ಹುಡುಗರಿಗೆ ಅವೂ ಗೊತ್ತು. ತಿಂಗಳ ಚಂದಾ ಒಂದು ಮಸಾಲೆ ದೋಸೆ, ಕಾಫಿಗಿಂತ ಬಹಳ ಹೆಚ್ಚೇನಿಲ್ಲವಾದ್ದರಿಂದ ಅದನ್ನೇ ಕಟ್ಟು ಎಂದು ನಾನು ಹೇಳಿದ್ದೇನೆ. ಅವನು ನಾಲ್ವರ ಜೊತೆ ಪಾಲು ಹಾಕಿ ಕಟ್ಟುತ್ತಿದ್ದಾನೆ.

ಓದುವುದು ಫೋನಿನಲ್ಲಿ ಮುಗಿದ ಮೇಲೆ ಅಂಗಡಿಯಿಂದ ಕೊಳ್ಳುವುದು ಏನನ್ನು? ಇಟ್ಟುಕೊಳ್ಳಲು ಒಂದು ವಸ್ತುವನ್ನು. ಓದಿ ಮೆಚ್ಚಿದ್ದನ್ನು ಮಾತ್ರ ಕೊಳ್ಳುತ್ತಾರೆ. ಕೊಂಡದ್ದು ಸಾಲು ತಪ್ಪಬಾರದು, ಬೆನ್ನು ಸುಕ್ಕಾಗಬಾರದು, ಅಳತೆ ಬೇರೆಯಾಗಬಾರದು. ಹಳೆಯ ಸರಣಿ ಅಂಗಡಿಯಲ್ಲಿ ಓದುತ್ತಾ ಓದುತ್ತಾ ಕೊಳ್ಳುವವನಿಗೆ ಮೂರು ಇಲ್ಲದಿದ್ದರೆ ಕಥೆ ನಿಲ್ಲುತ್ತಿತ್ತು. ಇವನಿಗೆ ಕಥೆ ನಿಂತಿಲ್ಲ, ಕಪಾಟಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ, ಅಷ್ಟೆ. ಅದಕ್ಕೇ ತಿಂಗಳುಗಟ್ಟಲೆ ಕಾಯಬಲ್ಲ.

ಶಿವಮೊಗ್ಗದ ಆ ಅಂಗಡಿಯಲ್ಲಿ ಅವನ ಹೆಸರಿನಲ್ಲಿ ನಾನೇ ನೂರು ರೂಪಾಯಿ ಮುಂಗಡ ಕೊಟ್ಟು ಬಂದೆ. ಮಾಲೀಕರು ಉದ್ದನೆಯ ಆರ್ಡರ್ ಪುಸ್ತಕದಲ್ಲಿ ಬರೆದುಕೊಂಡರು. ಮೇಲಿನ ಸಾಲಿನಲ್ಲಿ ಯಾರದೋ ಹೆಸರಿನ ಮುಂದೆ ಅದೇ ಕಥೆ, ಅದೇ ಮೂರನೇ ಸಂಪುಟ. ತಾರೀಕು ನೋಡಿದೆ, ಹತ್ತೊಂಬತ್ತು ದಿನ ಹಿಂದಿನದು.